ಕೋಕೋ ಬೀಜ ತಂದ ಕಮ್ಮಾರ

ಚಾಕೊಲೇಟಿನ ರುಚಿಯನ್ನರಿಯದ ಬಾಲಕ ಬಾಲಕಿಯರು ನಮ್ಮ ಶಾಲೆಯಲ್ಲಿ ಇರಲಾರರು. ಆದರೆ ಅದಕ್ಕೆ ಮೂಲವಾದ ಕೋಕೋ ಬೀಜವು ಪಶ್ಚಿಮ ಆಫ್ರಿಕದ ಸಹಸ್ರಾರು ಬಡ ಕುಟುಂಬಗಳನ್ನು ಮೇಲೆತ್ತಿದ ಕಥೆಯನ್ನು ಬಲ್ಲವರು ವಿರಳ. ಆ ಕಥೆಯ ನಾಯಕನು ಅರಸನಲ್ಲ, ಪಂಡಿತನಲ್ಲ, ಒಬ್ಬ ಕಮ್ಮಾರನು. ಆತನ ಹೆಸರು ಟೆಟ್ಟೆ ಕ್ವಾರ್ಶಿ.

ಇಂದಿನ ಘಾನಾ ದೇಶಕ್ಕೆ ಆಗ ಗೋಲ್ಡ್ ಕೋಸ್ಟ್ ಎಂಬ ಹೆಸರಿತ್ತು. ಅಲ್ಲಿನ ಅಕ್ರಾ ಪಟ್ಟಣದ ಓಸು ಎಂಬಲ್ಲಿ 1842ರಲ್ಲಿ, ರೈತನೊಬ್ಬನ ಮಗನಾಗಿ ಕ್ವಾರ್ಶಿ ಜನಿಸಿದನು. ನಮ್ಮ ಮಂಗಳೂರಿನಲ್ಲಿ ಮುದ್ರಣಾಲಯವನ್ನೂ ಹೆಂಚಿನ ಕಾರ್ಖಾನೆಯನ್ನೂ ನಡೆಸಿದ ಬಾಸೆಲ್ ಮಿಷನ್ ಸಂಸ್ಥೆಯು ಆ ನಾಡಿನಲ್ಲಿಯೂ ಕೈಕಸಬುಗಳನ್ನು ಕಲಿಸುತ್ತಿತ್ತು. ಕ್ವಾರ್ಶಿಯು ಅದರ ಕಾರ್ಯಾಗಾರದಲ್ಲಿ ಕಮ್ಮಾರಿಕೆಯನ್ನು ಕಲಿತು, ಅಕ್ವಾಪಿಮ್ ಬೆಟ್ಟಸಾಲಿನ ಮಾಂಪಾಂಗ್ ಗ್ರಾಮದಲ್ಲಿ ಕುಲುಮೆಯನ್ನು ಹೂಡಿದನು.

1870ರಲ್ಲಿ ಆತನು ಸಮುದ್ರ ದಾಟಿ, ಸ್ಪೇನಿನ ಆಳ್ವಿಕೆಗೆ ಒಳಪಟ್ಟಿದ್ದ ಫರ್ನಾಂಡೋ ಪೋ ದ್ವೀಪಕ್ಕೆ ಹೋದನು. ಅಲ್ಲಿ ಕೋಕೋ ತೋಟಗಳನ್ನು ಕಂಡನು. 1876ರಲ್ಲಿ ಮರಳುವಾಗ ಆತನು ತನ್ನೊಡನೆ ಕೆಲವು ಕೋಕೋ ಬೀಜಗಳನ್ನು ತಂದನು.

ಇದು ಸುಲಭದ ಸಾಹಸವಾಗಿರಲಿಲ್ಲ. ಕೋಕೋ ಬೀಜವು ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತದೆ. ಮಿಷನ್ನಿನವರು ಹಿಂದೆ ನೆಟ್ಟಿದ್ದ ಗಿಡಗಳು ಆ ನಾಡಿನಲ್ಲಿ ಬೇರೂರಿರಲಿಲ್ಲ. ಗಿಡ ಬದುಕಿದರೂ ಫಲಕ್ಕಾಗಿ ನಾಲ್ಕೈದು ವರ್ಷ ಕಾಯಬೇಕು. ಆದರೂ ಕ್ವಾರ್ಶಿಯು ಧೈರ್ಯಗೆಡಲಿಲ್ಲ. 1879ರಲ್ಲಿ ಮಾಂಪಾಂಗಿನಲ್ಲಿ ಆತನ ತೋಟವು ರೂಪುಗೊಂಡಿತು. ಗಿಡಗಳು ಫಲ ಕೊಟ್ಟವು. ಆ ಬೀಜವು ಬಂಧುಗಳ ಮತ್ತು ನೆರೆಯವರ ಹೊಲಗಳನ್ನು ಸೇರಿತು.

ಅದು ಒಳ್ಳೆಯ ಸಮಯಕ್ಕೇ ಬಂದಿತೆನ್ನಬೇಕು. ರೈತರ ಆದಾಯಕ್ಕೆ ಆಧಾರವಾಗಿದ್ದ ತಾಳೆ ಎಣ್ಣೆಯ ಬೆಲೆಯು ಆಗ ಕುಸಿಯುತ್ತಿತ್ತು. ಕೋಕೋ ಬೆಳೆಗೆ ದೊಡ್ಡ ಬಂಡವಾಳವಾಗಲಿ ಯಂತ್ರವಾಗಲಿ ಬೇಡ. ಎಳೆಯ ಗಿಡಕ್ಕೆ ನೆರಳು ಕೊಡುವ ಬಾಳೆಯೇ ಕಾಯುವ ವರ್ಷಗಳಲ್ಲಿ ಮನೆಮಂದಿಗೆ ಆಹಾರವಾಗುತ್ತದೆ. ಕಾಯನ್ನೊಡೆದು, ಬೀಜವನ್ನು ಬಾಳೆ ಎಲೆಯಡಿ ಕೆಲವು ದಿನ ಹುದುಗಿಸಿ, ಬಿಸಿಲಿನಲ್ಲಿ ಒಣಗಿಸಿದರೆ ಸರಕು ಸಿದ್ಧವಾಯಿತು. ಅಕ್ವಾಪಿಮ್ ರೈತರು ಹಲವರು ಕೂಡಿ ಹಣ ಹಾಕಿ, ದೂರದ ಕಾಡುಭೂಮಿಯನ್ನು ಕೊಂಡು, ತಮ್ಮತಮ್ಮಲ್ಲಿ ಹಂಚಿಕೊಂಡು ತೋಟ ಮಾಡಿದರು. 1911ರ ವೇಳೆಗೆ ಗೋಲ್ಡ್ ಕೋಸ್ಟ್ ಕೋಕೋ ಬೆಳೆಯಲ್ಲಿ ಜಗತ್ತಿಗೇ ಮೊದಲನೆಯದಾಯಿತು.

ಆ ವೈಭವವನ್ನು ಕಾಣಲು ಕ್ವಾರ್ಶಿಯು ಉಳಿದಿರಲಿಲ್ಲ. 1892ರ ಡಿಸೆಂಬರ್ 25ರಂದು ಆತನು ತೀರಿಕೊಂಡನು. ಬೆಳೆದವರ ಕಷ್ಟವೂ ಕೋಕೋದಿಂದ ಪೂರ್ಣವಾಗಿ ನೀಗಲಿಲ್ಲ. ಬೆಲೆಯನ್ನು ಕಟ್ಟುವವರು ಪರದೇಶದ ವರ್ತಕರಾಗಿದ್ದರು. 1937ರಲ್ಲಿ ರೈತರು ಒಗ್ಗಟ್ಟಾಗಿ ಕೋಕೋವನ್ನು ಮಾರದೆ ತಡೆಹಿಡಿದು ನ್ಯಾಯಕ್ಕಾಗಿ ಹೋರಾಡಬೇಕಾಯಿತು. ಆದರೂ ತಮ್ಮದೇ ತೋಟ, ತಮ್ಮದೇ ದುಡಿಮೆ ಎಂಬ ಬಲವು ಅವರಿಗಿತ್ತು. ಮಾಂಪಾಂಗಿನ ಆಸ್ಪತ್ರೆಯೊಂದು ಇಂದು ಆ ಕಮ್ಮಾರನ ಹೆಸರನ್ನು ಹೊತ್ತು ನಿಂತಿದೆ.

ನಮ್ಮಲ್ಲಿ ಅನೇಕರ ಹಿರಿಯರು ಹಳ್ಳಿಯನ್ನು ಬಿಟ್ಟು ಈ ನಗರಕ್ಕೆ ಬಂದವರು. ರಜೆಯಲ್ಲಿ ನಾವು ಊರಿಗೆ ಹೋಗುತ್ತೇವೆ, ಬರುತ್ತೇವೆ. ಇಲ್ಲಿ ಕಲಿತ ವಿದ್ಯೆಯಲ್ಲಿ ಅಲ್ಲಿಯವರಿಗೆ ಉಪಯೋಗವಾಗುವಂಥದು ಯಾವುದೆಂದು ಒಮ್ಮೆಯಾದರೂ ಯೋಚಿಸೋಣ. ಕ್ವಾರ್ಶಿಯು ಊರಿಗೆ ತಂದದ್ದು ಕೆಲವೇ ಬೀಜ. ಅದು ಹಂಚಿದಷ್ಟೂ ಬೆಳೆಯಿತು.