ನಾಲೆ ದೊರೆಯ ಕೋವಿ

ಹೋದ ವರ್ಷದ ಎನ್‌ಸಿಸಿ ಕ್ಯಾಂಪಿನಲ್ಲಿ ನನ್ನ ಕೈಗೆ ಐದು ಗುಂಡು ಬಂತು. ಪಾಯಿಂಟ್ ಟೂ ಟೂ ರೈಫಲ್, ಎದುರಿಗೆ ಇಪ್ಪತ್ತೈದು ಮೀಟರ್ ದೂರದಲ್ಲಿ ಕಾಗದದ ಟಾರ್ಗೆಟ್. ಐದರಲ್ಲಿ ಎರಡು ಗುಂಡು ಎಲ್ಲಿಗೆ ಹೋದವೋ ಇವತ್ತಿಗೂ ಗೊತ್ತಿಲ್ಲ. ಟ್ರಿಗರ್ ಎಳೆಯೋದಕ್ಕೆ ಮುಂಚೆಯೇ ನಾನು ಕಣ್ಣು ಮುಚ್ಚಿಕೊಳ್ತಿದ್ದೆನಂತೆ, ಪಕ್ಕದಲ್ಲಿದ್ದವನು ಹೇಳಿದ. ಊರಿಗೆ ಹೋಗಿ ತಾತನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ನಮ್ಮದು ಹುಣಸೂರು ತಾಲ್ಲೂಕು, ಹನಗೋಡಿನ ಕಡೆ. ಕಾಡಂಚಿನ ಹೊಲ, ಹಂದಿ ಕಾಟ ತಪ್ಪಿದ್ದಲ್ಲ. ತಾತನ ಹತ್ತಿರ ಲೈಸೆನ್ಸ್ ಇರೋ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಅದನ್ನು ಮುಂದೆ ನನ್ನ ಹೆಸರಿಗೆ ಮಾಡಿಸಬೇಕು ಅನ್ನೋದು ಮನೆಯವರ ಮಾತು. ಕಣ್ಣು ಮುಚ್ಚಿ ಹೊಡೆಯುವವನ ಹೆಸರಿಗೆ ಕೋವಿ! ಆ ನಾಚಿಕೆಯಲ್ಲೇ ಓದೋಕೆ ಕೂತಾಗ ಸಿಕ್ಕವನು ಜಾರ್ಜ್ ಪೆರೆಸ್ ಸ್ಯಾಂಡರ್ಸನ್.

ತೇಜಸ್ವಿಯವರ ಕೈಯಿಂದ ಕೆನೆತ್ ಆಂಡರ್ಸನ್ ನಮಗೆಲ್ಲ ಪರಿಚಯ. ಸ್ಯಾಂಡರ್ಸನ್ ಅವನಿಗಿಂತ ಎರಡು ತಲೆಮಾರು ಹಿಂದಿನವನು. ಖೆಡ್ಡಾ ಅಂದ ಕೂಡಲೇ ಮೈಸೂರಿನ ಹಳಬರು ಹೇಳುವ ಹೆಸರು ಅವನದೇ. ಆದರೆ ಸಂಬಳ ಬರ್ತಿದ್ದದ್ದು ಆನೆಗಾಗಲಿ ಹುಲಿಗಾಗಲಿ ಅಲ್ಲ, ನಾಲೆಗೆ. ನಮ್ಮ ಸಿವಿಲ್ ಬ್ರಾಂಚಿನವರು ಕಿವಿಗೊಡಬಹುದು.

ಹುಟ್ಟಿದ್ದು 1848ರಲ್ಲಿ, ಇಂಡಿಯಾದಲ್ಲೇ. ಅಪ್ಪ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಕನ್ನಡ ಸಂಘದವರು ಈ ಅಪ್ಪನನ್ನೂ ಒಂದು ನಿಮಿಷ ನೆನೆಯಬೇಕು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಜೊತೆ 1852ರಲ್ಲಿ ಬೆಂಗಳೂರಿನ ಮಿಷನ್ ಪ್ರೆಸ್ಸಿನಿಂದ ಹೊರತಂದವನು. ರೀವ್ ಮಾಡಿದ್ದ ಕನ್ನಡ–ಇಂಗ್ಲಿಷ್ ನಿಘಂಟನ್ನು ತಿದ್ದಿ 1858ರಲ್ಲಿ ಮತ್ತೆ ಪ್ರಕಟಿಸಿದವನೂ ಅವನೇ. ಇಂಥ ಮನೆಯ ಹುಡುಗ ತಾಯಿ ತೀರಿಕೊಂಡ ಮೇಲೆ ಇಂಗ್ಲೆಂಡಿಗೆ ಹೋಗಿ ಅಲ್ಲೇ ಶಾಲೆ ಓದಿದ. 1864ರಲ್ಲಿ ವಾಪಸು ಬಂದ. ವಯಸ್ಸು ಹದಿನಾರು. ನಾವು ಪಿಯುಸಿಗೆ ಸೇರೋ ವಯಸ್ಸು.

ಬಂದದ್ದು ಕಾಫಿ ತೋಟದ ಕನಸು ಕಟ್ಟಿಕೊಂಡು. ಆಗ ಕಾಫಿಯ ಸ್ಥಿತಿ ಕೆಟ್ಟಿತ್ತು, ಕೆಲಸ ಕೈಗೆ ಹತ್ತಲಿಲ್ಲ. ನಾವಾದರೆ ಏನು ಮಾಡ್ತಿದ್ವೋ, ಅವನು ಕೂತು ಕನ್ನಡ ಕಲಿತ. ಪರೀಕ್ಷೆ ಕಟ್ಟಿ ಪಾಸಾದ. ಆ ಕನ್ನಡದ ಬಲದ ಮೇಲೇ ಮೈಸೂರಿನ ನೀರಾವರಿ ಇಲಾಖೆಯಲ್ಲಿ ನಾಲೆಗಳ ಸಹಾಯಕ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಎಂಜಿನಿಯರಿಂಗ್ ಕಾಲೇಜಿನ ಬಾಗಿಲು ನೋಡಿದವನಲ್ಲ. ಕೆಲವೇ ವರ್ಷಕ್ಕೆ ಇಡೀ ಸೀಮೆಯ ನದಿ ನಾಲೆಗಳು ಅವನ ಉಸ್ತುವಾರಿಗೆ ಬಂದವು. ಆಗ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಅರಸರಿಗೆ ರಾಜ್ಯ ಮರಳಿ ಸಿಕ್ಕಿದ್ದು 1881ರಲ್ಲಿ.

ನಮ್ಮ ಕಡೆಯ ನಾಲೆಗಳನ್ನು ನೋಡಿದವರಿಗೆ ಆ ಕೆಲಸ ಎಂಥದ್ದು ಅಂತ ಅಂದಾಜಾಗುತ್ತೆ. ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ ಒಂದು ಕಟ್ಟೆ, ಕಟ್ಟೆಮಳಲವಾಡಿಯಲ್ಲಿ ಇನ್ನೊಂದು. ಕಾವೇರಿಯಿಂದ ಎಡತೊರೆ ಸೀಮೆಗೆ, ಅಂದರೆ ಇವತ್ತಿನ ಕೆ.ಆರ್. ನಗರದ ಗದ್ದೆಗಳಿಗೆ, ಹೋಗುವ ಕಾಲುವೆಗಳು. ಈ ಥರದ ನಾಲೆ ಮೈಲಿಗಟ್ಟಲೆ ಹರಿಯುತ್ತೆ. ಏರಿ ಒಡೆದಿದೆಯಾ, ಹೂಳು ತುಂಬಿದೆಯಾ, ತೂಬು ಸರಿಯಿದೆಯಾ ಅಂತ ನೋಡೋನು ನಡೆಯಲೇಬೇಕು, ಇಲ್ಲ ಕುದುರೆ ಹತ್ತಬೇಕು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಕಡೆ ಹೊಲ ಮುಗಿಯುವಲ್ಲೇ ಕಾಡು. ನಾಲೆಯ ಕೆಲಸವೇ ಸ್ಯಾಂಡರ್ಸನ್‌ನನ್ನು ಕಾಡಿನ ಬಾಯಿಗೆ ತಂದು ನಿಲ್ಲಿಸಿತು. ಆ ಕಾಲದ ದೊರೆಗಳ ಹಾಗೆ ಅವನ ಹೆಗಲಲ್ಲೂ ಕೋವಿ ಇತ್ತು.

ಇಲ್ಲಿಂದ ನಮ್ಮ ಶೂಟಿಂಗ್ ಹುಚ್ಚಿನವರಿಗೆ ಬೇಕಾದ ಭಾಗ. ಆನೆಗೆ ಅಂತ ಸ್ಯಾಂಡರ್ಸನ್ ಮೊದಲು ಬಳಸಿದ್ದು ಹನ್ನೆರಡು ಬೋರಿನ ಜೋಡು ನಳಿಗೆ ರೈಫಲ್. ಬೋರು ಅಂದರೆ ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಳತೆಯ ಎಷ್ಟು ಗುಂಡು ಎರಕ ಹೊಯ್ಯಬಹುದು ಅನ್ನೋ ಲೆಕ್ಕ. ಹನ್ನೆರಡು ಬೋರಿಗೆ ಹನ್ನೆರಡು ಗುಂಡು, ಒಂದೊಂದೂ ಸುಮಾರು 38 ಗ್ರಾಂ. ಅದಕ್ಕೇ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ಹನ್ನೆರಡರಲ್ಲಿ ಆನೆ ಬೀಳುತ್ತಿತ್ತು, ಆದರೆ ಗುಂಡು ಕೂದಲೆಳೆಯಷ್ಟು ಆಚೀಚೆ ಆದರೆ ಆನೆ ಗಾಯದ ಸಮೇತ ಕಾಡಿಗೆ. ಹಾಗಾಗಿ ನಾಲ್ಕು ಬೋರಿನ ಒಂಟಿ ನಳಿಗೆಗೆ ಬದಲಾಯಿಸಿದ. ಗುಂಡು ಕಾಲು ಪೌಂಡು, ಅಂದರೆ 113 ಗ್ರಾಂ. ತೂಕ ಮೂರು ಪಟ್ಟು, ವ್ಯಾಸ ಮಾತ್ರ ಮೂರರ ಘನಮೂಲದಷ್ಟು ಪಟ್ಟು: ಹದಿನೆಂಟೂವರೆ ಮಿಲಿಮೀಟರಿನಿಂದ ಇಪ್ಪತ್ತಾರು ಮುಕ್ಕಾಲಿನ ಹತ್ತಿರಕ್ಕೆ. ಒಂದು ಈಡಿಗೆ ಹತ್ತು ಡ್ರಾಮ್ ಕರಿಮದ್ದು, ಹದಿನೇಳು ಗ್ರಾಂ ಮೇಲೆ. ಕೋವಿಯ ತೂಕ ಏಳು ಕಿಲೋ ದಾಟುತ್ತಿತ್ತು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. ಆ ಗುಂಡು ಸೆಕೆಂಡಿಗೆ 400 ಮೀಟರಿನಲ್ಲಿ ಹೊರಟಿತು ಅಂತ ಇಟ್ಟುಕೊಳ್ಳಿ. ಮೊಮೆಂಟಮ್ 45ರ ಸುಮಾರು. ಏಳೂವರೆ ಕಿಲೋ ಕೋವಿ ಹೆಗಲಿಗೆ ಬಂದು ಗುದ್ದೋದು ಸೆಕೆಂಡಿಗೆ ಆರು ಮೀಟರಿನಲ್ಲಿ, ಮದ್ದಿನ ಹೊಗೆಯ ಪಾಲು ಬಿಟ್ಟು. ನನ್ನ ಕ್ಯಾಂಪಿನ ಟೂ ಟೂ ರೈಫಲಿಗೆ ಇದೇ ಲೆಕ್ಕ ಹಾಕಿದರೆ ಸೆಕೆಂಡಿಗೆ ಮೂವತ್ತು ಸೆಂಟಿಮೀಟರೂ ಬರಲ್ಲ. ನಾನು ಕಣ್ಣು ಮುಚ್ಚಿದ್ದು ಇಷ್ಟಕ್ಕೆ! ಹೊಸಬರು ಹೆದರೋದು ಗುದ್ದಿಗಿಂತ ಸದ್ದಿಗೆ ಜಾಸ್ತಿ ಅಂತ ಆಮೇಲೆ ತಿಳೀತು. ಹೆದರಿಕೆಗೆ ಬೆರಳು ಟ್ರಿಗರನ್ನು ಕಿತ್ತು ಎಳೆಯುತ್ತೆ, ನಳಿಗೆಯ ತುದಿ ಕೆಳಗೆ ಬಾಗುತ್ತೆ, ಗುಂಡು ಟಾರ್ಗೆಟ್ಟಿನ ಬುಡಕ್ಕೆ ಹೋಗುತ್ತೆ.

ದೊಡ್ಡ ಕೋವಿ ಕೊಂಡ ಸಂಗತಿಗಿಂತ ನನಗೆ ಹಿಡಿಸಿದ್ದು ಅವನು ಮಾಡಿದ ಹೋಂವರ್ಕು. ಆನೆಯ ಬುರುಡೆ ಎಷ್ಟು ದಪ್ಪ, ಮಿದುಳು ಎಲ್ಲಿ ಕೂತಿದೆ, ಹಣೆಯಿಂದ ಹೊಡೆದರೆ ಯಾವ ಕೋನ, ಕಿವಿಯ ಹಿಂದಿನಿಂದಾದರೆ ಯಾವುದು ಅಂತ ತಿಳಿದುಕೊಂಡ ಮೇಲೇ ಹತ್ತಿರ ಹೋಗಬೇಕು ಅನ್ನೋದು ಅವನ ಪಾಠ. ಹತ್ತಿರ ಅಂದರೆ ನಿಜವಾಗಿ ಹತ್ತಿರ, ಹತ್ತು ಹದಿನೈದು ಗಜ. ಅಷ್ಟು ಹತ್ತಿರಕ್ಕೆ ಕರಕೊಂಡು ಹೋಗೋರು ಕೋವಿ ಇಲ್ಲದವರು: ಕಾಕನಕೋಟೆ ಕಡೆ ಕುರುಬರು, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು, ಚಾಮರಾಜನಗರದ ಬಳಿ ಅವನು ಬಿಡಾರ ಕಟ್ಟಿಕೊಂಡಿದ್ದ ಹಳ್ಳಿಯಲ್ಲಿ ಉಪ್ಪಲಿಗರು. ಲದ್ದಿಯ ಬಿಸಿ, ಮುರಿದ ಟೊಂಗೆಯ ಹಸಿ, ಗಾಳಿ ಯಾವ ಕಡೆ ಅನ್ನೋದೆಲ್ಲ ಇವರ ವಿದ್ಯೆ. ದೊರೆಗೆ ಅವರ ಮಾತು ತಿಳೀತಿತ್ತು. ಕಾಕನಕೋಟೆಯ ದಾರಿಯಲ್ಲಿ ಜನಕ್ಕೆ ಕಾಟ ಕೊಡುತ್ತಿದ್ದ ಒಂಟಿ ಸಲಗವನ್ನು ಅವನು ಹೊಡೆದದ್ದು ಹೀಗೆ ಹೆಜ್ಜೆ ಹಿಡಿದು ಹೋಗಿಯೇ. ಐಯನಪುರದ ಕಡೆಯ ನರಭಕ್ಷಕ ಹುಲಿಯ ಕಥೆಯಲ್ಲೂ ಈಡು ಒಂದು ಕ್ಷಣದ್ದು, ಕಾದದ್ದು ದಿನಗಟ್ಟಲೆ.

ಅಳತೆಯ ವಿಷಯದಲ್ಲಿ ಅವನು ಪಕ್ಕಾ ನಾಲೆ ಇಲಾಖೆಯವನು. ಹನ್ನೆರಡು ಅಡಿ ಎತ್ತರದ ಆನೆ ನೋಡಿದೆ ಅಂತ ಬೇರೆ ದೊರೆಗಳು ಬಾಯಿಬಡಾಯಿ ಹೇಳ್ತಿದ್ದಾಗ ಇವನು ಟೇಪು ಹಿಡಿದ. ಹೆಗಲ ಮಟ್ಟಕ್ಕೆ ಹತ್ತು ಅಡಿ ಮುಟ್ಟುವ ಆನೆಯೇ ಅಪರೂಪ ಅಂತ ಬರೆದಿಟ್ಟ. ಮುಂಗಾಲಿನ ಪಾದದ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ ಅನ್ನೋ ಸೂತ್ರ ಅವನ ಲೆಕ್ಕಕ್ಕೂ ಸರಿಹೋಯ್ತು. ಹೆಜ್ಜೆ ಗುರುತು ನೋಡಿ ಆನೆಯ ಎತ್ತರ ಹೇಳಬಹುದು. ಹಾಗಂತ ಎಲ್ಲದರಲ್ಲೂ ಸರಿಯಿದ್ದ ಅಂತಲ್ಲ. ಆನೆ ನೂರೈವತ್ತು ವರ್ಷ ಬದುಕುತ್ತೆ ಅಂತ ನಂಬಿದ್ದ. ಅದು ಪೂರ್ತಿ ತಪ್ಪು.

1873ರ ಹೊತ್ತಿಗೆ ಅವನ ತಲೆಯಲ್ಲಿ ಬೇರೆ ಯೋಚನೆ ಹೊಕ್ಕಿತ್ತು. ಆನೆ ಬೆಳೆ ತಿನ್ನುತ್ತೆ, ರೈತ ಗೋಳಾಡ್ತಾನೆ. ಹೊಡೆದು ಮುಗಿಸೋ ಬದಲು ಹಿಂಡನ್ನೇ ಹಿಡಿದು ಪಳಗಿಸಿದರೆ ಸರ್ಕಾರಕ್ಕೂ ಲಾಭ. ಜನ ನಕ್ಕರು. ನಗೋದಕ್ಕೆ ಕಾರಣ ಇತ್ತು: ಮೈಸೂರಲ್ಲಿ ಅದು ಯಾರಿಗೂ ಆಗಿರಲಿಲ್ಲ. ಹೈದರ್ ಅಲಿ ಕಾಕನಕೋಟೆ ಕಾಡಲ್ಲಿ ಪ್ರಯತ್ನಪಟ್ಟು ಸೋತು, ಇನ್ನು ಮುಂದೆ ಇಲ್ಲಿ ಆನೆ ಹಿಡಿಯಲು ಬಂದವರಿಗೆ ಶಾಪ ಅಂತ ಕಲ್ಲಿನ ಮೇಲೆ ಕೆತ್ತಿಸಿದ್ದನಂತೆ. ಆ ಕಲ್ಲಿನ ಸಂಗತಿಯನ್ನು ಸ್ಯಾಂಡರ್ಸನ್ನನೇ ದಾಖಲಿಸಿದ್ದಾನೆ. ಬ್ರಿಟಿಷ್ ಕರ್ನಲ್ ಒಬ್ಬ ಕೈಹಾಕಿದಾಗಲೂ ಕೆಲಸ ಕೆಟ್ಟಿತು. ಸ್ಯಾಂಡರ್ಸನ್‌ಗೂ ಹಿಂದೆ ಆನೆ ಹಿಡಿದ ಅನುಭವ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಎರಡು: ಆನೆ ಎಲ್ಲಿ ನಡೆಯುತ್ತೆ, ನೀರು ಎಲ್ಲಿ ಹರಿಯುತ್ತೆ.

ಚಾಮರಾಜನಗರದ ಹತ್ತಿರ ಕರಡಿಹಳ್ಳಿಯಲ್ಲಿ 1874ರ ಜೂನ್ ತಿಂಗಳು. ಹೊನ್ನುಹೊಳೆ, ಅಂದರೆ ಸುವರ್ಣಾವತಿಯ ಬಯಲಿಗೆ ಹಿಂಡು ಇಳಿಯಿತು. ಹಳ್ಳಿಯ ಜನ ನೂರಾರು ಸಂಖ್ಯೆಯಲ್ಲಿ ಸುತ್ತುಗಟ್ಟಿದರು, ಬೆಂಕಿ ಹಾಕಿ ರಾತ್ರಿಯೆಲ್ಲ ಕಾದರು, ಕಂದಕ ತೋಡಿದರು. ನಾಲೆ ತೋಡಿ ಅಭ್ಯಾಸ ಇದ್ದ ಕೈಗಳಿಗೆ ಮಣ್ಣಿನ ಕೆಲಸ ಹೊಸದೇನಲ್ಲ. ಕೊನೆಗೆ ಐವತ್ತಕ್ಕೂ ಮೇಲ್ಪಟ್ಟು ಆನೆ ಒಳಗೆ. ಒಂದೇ ಸಲಕ್ಕೆ. ಮೈಸೂರಲ್ಲಿ ಗೆದ್ದ ಮೊದಲ ಖೆಡ್ಡಾ ಇದು. ಮರುವರ್ಷ ಬಂಗಾಳ ಸರ್ಕಾರ ಅವನನ್ನು ಎರವಲು ಕರೆಸಿಕೊಂಡು ಢಾಕಾ, ಚಿತ್ತಗಾಂಗ್ ಕಡೆಯ ಆನೆ ಹಿಡಿಯುವ ಕೆಲಸಕ್ಕೆ ಹಾಕಿತು. ಇನ್ನೂ ಮೂವತ್ತು ತುಂಬಿರಲಿಲ್ಲ.

ಹಿಡಿದ ಆನೆಗಳ ಪಾಡು ಬೇರೆ ಮಾತು. ಕಾಡಿನಿಂದ ಕಿತ್ತ ಮೇಲೆ ಹಗ್ಗ, ಕಂಬ, ಹಸಿವು. ಎಷ್ಟೋ ಸತ್ತವು. ಇದನ್ನು ದಯೆ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ.

1878ರಲ್ಲಿ ಲಂಡನ್ನಿನಲ್ಲಿ ಅವನ ಪುಸ್ತಕ ಬಂತು, ಇಂಡಿಯಾದ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷದ ಕಥೆ. ಬೇಟೆಗಾರ ಬರೆದ ಪುಸ್ತಕದಲ್ಲಿ ಹುಲಿಯ ಪರ ವಕಾಲತ್ತು ಇದೆ ಅಂದರೆ ನಂಬಲ್ಲ ನೀವು. ಜಿಂಕೆ, ಹಂದಿ ತಿಂದು ಬದುಕುವ ಹುಲಿ ರೈತನ ಸ್ನೇಹಿತ, ಅದನ್ನು ಬೇರುಸಹಿತ ಅಳಿಸೋದು ತಪ್ಪು ಅನ್ನೋದು ಅವನ ವಾದ. ಸರ್ಕಾರ ಹುಲಿಯ ತಲೆಗೆ ಇನಾಮು ಕೊಡುತ್ತಿದ್ದ ಕಾಲದಲ್ಲಿ ಈ ಮಾತು! ಅದೇ 1878ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಆರ್ಮ್ಸ್ ಆಕ್ಟ್ ಬಂತು. ಯುರೋಪಿಯನ್ನರಿಗೆ ವಿನಾಯಿತಿ, ನಮ್ಮವರಿಗೆ ಲೈಸೆನ್ಸು. ಪಿರಿಯಾಪಟ್ಟಣದ ಗಡಿ ದಾಟಿದರೆ ಸಿಗುವ ಕೊಡಗಿನಲ್ಲಿ ಮಾತ್ರ ಕೊಡವರಿಗೆ ಸಿಕ್ಕ ವಿನಾಯಿತಿ ಇವತ್ತಿಗೂ ನಡೆದುಬಂದಿದೆ. ದೊರೆಗೆ ದಾರಿ ತೋರಿಸಿದ ಕುರುಬರಿಗೆ, ಸೋಲಿಗರಿಗೆ ಕೋವಿಯೂ ಇಲ್ಲ, ಪುಸ್ತಕದ ಮುಖಪುಟದಲ್ಲಿ ಹೆಸರೂ ಇಲ್ಲ.

ಇದನ್ನೋದಿ ಯಾರಿಗಾದರೂ ಕೋವಿಯ ಆಸೆ ಹುಟ್ಟಿದರೆ ಇವತ್ತಿನ ಲೆಕ್ಕವೂ ತಿಳಿದಿರಲಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಅಧ್ಯಾಯ, ಮೊಲಕ್ಕೆ ಗುರಿಯಿಟ್ಟರೂ ಜೈಲು. ಉಳಿದಿರೋದು ಕಾಗದದ ಟಾರ್ಗೆಟ್. ಕೋವಿ ಲೈಸೆನ್ಸಿಗೆ ಸಾಮಾನ್ಯವಾಗಿ 21 ತುಂಬಿರಬೇಕು. ಏರ್ ರೈಫಲಿಗೆ ಅಷ್ಟು ತಾಪತ್ರಯ ಇಲ್ಲ: 4.5 ಮಿಲಿಮೀಟರ್ ಮೀರದ ನಳಿಗೆ, 20 ಜೌಲ್ ಮೀರದ ಶಕ್ತಿ ಇದ್ದರೆ 2016ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲಿನದು ಇದರ ಅರ್ಧಕ್ಕಿಂತ ಕಮ್ಮಿ. ಹತ್ತು ಮೀಟರ್ ದೂರ, ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್. ಆನೆಯ ಮಿದುಳಿಗಿಂತ ಕಷ್ಟದ ಗುರಿ. ಪೆಲೆಟ್ ಇಲ್ಲದೆಯೇ ಗೋಡೆಯ ಚುಕ್ಕಿಗೆ ಗುರಿಯಿಟ್ಟು ಟ್ರಿಗರ್ ಒತ್ತುವ ಡ್ರೈ ಪ್ರಾಕ್ಟೀಸ್ ನನಗೆ ಉಪಕಾರ ಮಾಡಿತು. ಮೊದಲು ನಳಿಗೆ ಖಾಲಿ ಅಂತ ಎರಡೆರಡು ಸಲ ನೋಡಿ, ನಿಮ್ಮ ರೈಫಲಿಗೆ ಇದು ಸರಿಯಾ ಅಂತಲೂ ಕೇಳಿಕೊಳ್ಳಿ.

ಸ್ಯಾಂಡರ್ಸನ್ ಮತ್ತೆ ಮೈಸೂರಿಗೇ ಬಂದು ಆನೆಗಳ ಕೆಲಸದಲ್ಲೇ ಉಳಿದ. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದಾಗ ಖೆಡ್ಡಾ ತೋರಿಸಿದವನು ಅವನೇ. ಕಿಪ್ಲಿಂಗ್ ಬರೆದ ಆನೆ ಹುಡುಗ ತೂಮಾಯಿಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಇವನೇ ಮಾದರಿ ಇರಬೇಕು ಅಂತಾರೆ. ಕಾಡಿನ ಚಳಿಜ್ವರದ ಮಧ್ಯೆ ಸವೆದ ಮೈ ಜಾಸ್ತಿ ದಿನ ಬಾಳಲಿಲ್ಲ. 1892ರ ಮೇ ತಿಂಗಳಲ್ಲಿ ಮದರಾಸಿನಲ್ಲಿ ತೀರಿಕೊಂಡಾಗ ವಯಸ್ಸು ಐವತ್ತೂ ಮುಟ್ಟಿರಲಿಲ್ಲ.

ಹೈದರನ ಶಾಪ ಇದ್ದ ಕಾಕನಕೋಟೆಯಲ್ಲೇ ಆಮೇಲೆ ಖೆಡ್ಡಾ ಮೇಲೆ ಖೆಡ್ಡಾ ನಡೆದವು, ಮಹಾರಾಜರು, ವೈಸ್‌ರಾಯ್‌ಗಳು ಕೂತು ನೋಡಿದರು. ಕೊನೆಯದು 1971ರಲ್ಲಿ. ಅದಾದ ಮೇಲೆ ಕಬಿನಿ ಅಣೆಕಟ್ಟೆ ತುಂಬಿ ಆ ಜಾಗವೆಲ್ಲ ನೀರಿನಡಿ ಹೋಯಿತು. ಸೇತುವೆ, ಅಣೆಕಟ್ಟು ನೋಡೋಕೆ ಎಚ್.ಡಿ. ಕೋಟೆ ಕಡೆ ಸೈಟ್ ವಿಸಿಟ್ ಹೋದವರು ಆ ಹಿನ್ನೀರನ್ನು ನೋಡಿರುತ್ತೀರಿ.

ನಮ್ಮ ತಾತನ ಕೋವಿ ಈಗ ಮನೆಯಲ್ಲಿಲ್ಲ. ಚುನಾವಣೆ ಬಂತು ಅಂತ ಠಾಣೆಗೆ ಒಪ್ಪಿಸಿ ಬಂದಿದ್ದಾರೆ. ರಸೀದಿ ದೇವರ ಗೂಡಿನಲ್ಲಿದೆ. ಹಂದಿಗಳಿಗೆ ಅದು ಹೇಗೋ ಗೊತ್ತಾಗಿದೆ, ಹೋದ ವಾರ ಎರಡು ಸಾಲು ಜೋಳ ಹೋಯ್ತಂತೆ.