ಹಕ್ಕಿಗೆ ಉಂಗುರ ತೊಡಿಸಿದ ಸಲೀಂ ಅಲಿ: ಮಲೆನಾಡಿನ ಮಂಗನ ಕಾಯಿಲೆಗೂ ಅವರಿಗೂ ಏನು ನಂಟು?

ಅದು 1957ನೇ ಇಸವಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಸುತ್ತಲಿನ ಹಳ್ಳಿಯವರು ಜ್ವರ ಹಿಡಿದು ಮಲಗಿದರು. ಕೆಲವರು ಮತ್ತೆ ಏಳಲೇ ಇಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ ಒಂದನ್ನು ಪತ್ತೆಹಚ್ಚಿದರು. ಅದು ಉಣುಗುಗಳಿಂದ ಹರಡುತ್ತದೆ ಎಂಬುದೂ ಗೊತ್ತಾಯಿತು. ಆದರೆ ಈ ವೈರಸ್‌ನ ಹತ್ತಿರದ ಸಂಬಂಧಿಗಳು ಇದ್ದದ್ದು ಸಾವಿರಾರು ಕಿಲೋಮೀಟರ್ ದೂರದ ರಷ್ಯಾ, ಸೈಬೀರಿಯಾಗಳಲ್ಲಿ. ಹಾಗಾದರೆ ಅದನ್ನು ಮಲೆನಾಡಿಗೆ ತಂದವರು ಯಾರು? ಚಳಿಗಾಲ ಕಳೆಯಲು ವಲಸೆ ಬರುವ ಹಕ್ಕಿಗಳೇ?

ಈ ಅನುಮಾನವನ್ನು ಪರೀಕ್ಷಿಸುವ ಕೆಲಸಕ್ಕೆ ಮುಂದಾದವರು ಆಗಲೇ 60 ದಾಟಿದ್ದ ಮುಂಬೈನ ಪಕ್ಷಿತಜ್ಞ ಸಲೀಂ ಅಲಿ.

1896ರ ನವೆಂಬರ್ 12ರಂದು ಮುಂಬೈನಲ್ಲಿ ಹುಟ್ಟಿದ ಸಲೀಂ, ತೀರಾ ಎಳವೆಯಲ್ಲೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಅವರ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಹೊಡೆದ ಗುಬ್ಬಚ್ಚಿಯ ಗಂಟಲಲ್ಲಿ ಹಳದಿ ಮಚ್ಚೆ ಕಂಡಿತು. ಇದು ಯಾವ ಜಾತಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸೊಸೈಟಿಯ ಸಂಗ್ರಹವನ್ನೂ ಹುಡುಗನಿಗೆ ತೋರಿಸಿದರು. ಆ ನಂಟು ಜೀವನವಿಡೀ ಉಳಿಯಿತು.

ದಾರಿ ಮಾತ್ರ ಸುಲಭದ್ದಾಗಿರಲಿಲ್ಲ. ಬರ್ಮಾದಲ್ಲಿ ಕುಟುಂಬದ ವ್ಯವಹಾರ ಕೈಹಿಡಿಯಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಬಯಸಿದ ಸರ್ಕಾರಿ ಹುದ್ದೆ ಸಿಗಲಿಲ್ಲ. ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಕಲಿತು 1930ರಲ್ಲಿ ಮರಳಿದಾಗ, ಮ್ಯೂಸಿಯಂನಲ್ಲಿ ಮೊದಲಿದ್ದ ಕೆಲಸವೂ ಹೋಗಿತ್ತು. ಕೆಲಸವಿಲ್ಲದ ಆ ದಿನಗಳಲ್ಲೇ ಮುಂಬೈ ಸಮೀಪದ ಕಿಹಿಮ್‌ನಲ್ಲಿ ಕುಳಿತು ಗೀಜಗ ಹಕ್ಕಿಯ ಸಂಸಾರವನ್ನು ಅಧ್ಯಯನ ಮಾಡಿದರು. ಈ ಅಧ್ಯಯನ ಅವರಿಗೆ ಹೆಸರು ತಂದುಕೊಟ್ಟಿತು.

ನಂತರ ಸಂಸ್ಥಾನಗಳ ಮುಂದೆ ಒಂದು ಪ್ರಸ್ತಾಪ ಇಟ್ಟರು. ತಮಗೆ ಸಂಬಳ ಬೇಡ, ಕ್ಯಾಂಪಿನ ಖರ್ಚು ಕೊಟ್ಟರೆ ಸಾಕು, ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂಬುದೇ ಅದು. ಹೀಗೆ ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಕಾಡುಮೇಡು ಸುತ್ತಿದರು. ಪತ್ನಿ ತೆಹ್ಮಿನಾ ಕ್ಯಾಂಪ್‌ಗಳಲ್ಲಿ ಜೊತೆಗಿರುತ್ತಿದ್ದರು. 1939ರಲ್ಲಿ ಅವರು ತೀರಿಕೊಂಡರು. ಆ ನೋವಿನ ನಡುವೆಯೇ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1941ರಲ್ಲಿ ಬಂದ ಅವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಭಾರತದಲ್ಲಿ ಹಕ್ಕಿ ನೋಡುವವರೆಲ್ಲರ ಕೈಪಿಡಿಯಾಯಿತು.

ಯಾವ ಹಕ್ಕಿ ಎಲ್ಲಿದೆ ಎಂಬುದು ಸಮೀಕ್ಷೆಯಿಂದ ಗೊತ್ತಾಗುತ್ತದೆ. ಆದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಹಕ್ಕಿಯ ಕಾಲಿಗೆ ಉಂಗುರ ಹಾಕಬೇಕು. ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡುವಷ್ಟು ಹಣ ಸೊಸೈಟಿಯ ಬಳಿ ಇರಲಿಲ್ಲ. ಮಂಗನ ಕಾಯಿಲೆಯ ಪ್ರಶ್ನೆ ಎದ್ದಾಗ ಸಲೀಂ ಅಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೋರಿದರು. 1959ರ ಹೊತ್ತಿಗೆ ವಲಸೆ ಹಕ್ಕಿಗಳ ಅಧ್ಯಯನ ಶುರುವಾಯಿತು.

ಕೆಲಸದ ಕ್ರಮ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಕಣ್ಣಿಗೆ ಕಾಣದಷ್ಟು ನವಿರಾದ ಬಲೆ ಕಟ್ಟಿ ಹಕ್ಕಿ ಹಿಡಿಯುವುದು, ರೆಕ್ಕೆ ಅಳೆದು ತೂಕ ನೋಡುವುದು, ಮೈಮೇಲಿನ ಉಣುಗುಗಳನ್ನು ಬಿಡಿಸಿ ಪರೀಕ್ಷೆಗೆ ಕಳಿಸುವುದು. ಕೊನೆಗೆ ಸಂಖ್ಯೆ ಇರುವ ಉಂಗುರ ತೊಡಿಸಿ ಹಾರಿಬಿಡುವುದು. ಸಿಕ್ಕವರು ಮುಂಬೈಗೆ ತಿಳಿಸಲಿ ಎಂದು ಉಂಗುರದ ಮೇಲೆ ಸೊಸೈಟಿಯ ಹೆಸರಿರುತ್ತಿತ್ತು. ರಾಜಸ್ಥಾನದ ಭರತಪುರ ಈ ಕೆಲಸದ ದೊಡ್ಡ ತಾಣವಾಯಿತು. ಅಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ನೆಲದಲ್ಲಿ ಸಿಕ್ಕವು. ಅಂದಾಜಾಗಿದ್ದ ವಲಸೆಯ ದಾರಿಗಳಿಗೆ ಹೀಗೆ ಪುರಾವೆ ದೊರೆಯಿತು.

ಇದೇ ಕೆಲಸ ಅವರನ್ನು ವಿವಾದಕ್ಕೂ ಎಳೆಯಿತು. ಮುಂದೆ ಯೋಜನೆಗೆ ಅಮೆರಿಕ ಸೇನೆಯ ಸಂಶೋಧನಾ ವಿಭಾಗದ ಹಣ ಬಂದಿತ್ತು. ಹಕ್ಕಿಗಳ ಮಾಹಿತಿ ಜೈವಿಕ ಯುದ್ಧಕ್ಕೆ ಬಳಕೆಯಾದೀತೇ ಎಂಬ ಪ್ರಶ್ನೆ 1970ರ ದಶಕದಲ್ಲಿ ಪತ್ರಿಕೆಗಳಲ್ಲಿ ಎದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ಸಲೀಂ ಅಲಿ ಆರೋಪವನ್ನು ತಳ್ಳಿಹಾಕಿದರು. ಆದರೂ ಇಳಿವಯಸ್ಸಿನಲ್ಲಿ ಇಂಥ ಅನುಮಾನ ಎದುರಿಸಬೇಕಾಯಿತು. ಹಕ್ಕಿಯ ಲೆಕ್ಕ ಇಡುವಾಗ ಅದರ ಖರ್ಚು ಯಾರದ್ದು ಎಂಬ ಪ್ರಶ್ನೆಯೂ ಮುಖ್ಯ ಎಂಬುದನ್ನು ಆ ವಿವಾದ ತೋರಿಸಿತು.

ಮೂಲ ಪ್ರಶ್ನೆಯ ಉತ್ತರ ಏನಾಯಿತು? ವಲಸೆ ಹಕ್ಕಿಗಳೇ ಸೈಬೀರಿಯಾದಿಂದ ಈ ವೈರಸ್ ತಂದವು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಹಾಗೆಂದು ಶ್ರಮ ವ್ಯರ್ಥವಾಗಲಿಲ್ಲ. ಹಕ್ಕಿಜ್ವರದ ಭೀತಿ ಬಂದಾಗಲೆಲ್ಲ ಯಾವ ಹಕ್ಕಿ ಯಾವ ಕೆರೆಗೆ, ಯಾವ ತಿಂಗಳಲ್ಲಿ ಬರುತ್ತದೆ ಎಂಬ ಮಾಹಿತಿ ಇಂದಿಗೂ ಬೇಕಾಗುತ್ತದೆ. ಅದಕ್ಕೆ ಭಾರತದಲ್ಲಿ ಭದ್ರ ತಳಹದಿ ಹಾಕಿದ್ದು ಆ ಉಂಗುರಗಳು. ಸಲೀಂ ಅಲಿ ಉಳಿಸಲು ಹೋರಾಡಿದ ಭರತಪುರದ ಕೇವಲಾದೇವ್ 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅದೇ ವರ್ಷ ಅವರು ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ ಮುಂಬೈನಲ್ಲಿ ಕಣ್ಮುಚ್ಚಿದರು.

ಮಂಗನ ಕಾಯಿಲೆ ಮಾತ್ರ ಮಲೆನಾಡು ಬಿಟ್ಟು ಹೋಗಿಲ್ಲ. ಕಾಡಿನಲ್ಲಿ ಮಂಗ ಸತ್ತರೆ ತಕ್ಷಣ ತಿಳಿಸಿ ಎಂದು ಆರೋಗ್ಯ ಇಲಾಖೆ ಈಗಲೂ ಊರವರನ್ನು ಕೇಳಿಕೊಳ್ಳುತ್ತದೆ. ಏಕೆಂದರೆ ಮನುಷ್ಯರಿಗೆ ಬರಲಿರುವ ಕಾಯಿಲೆಯ ಮೊದಲ ಸುಳಿವು ಸಿಗುವುದು ಅಲ್ಲೇ. ಕಾಡಿನ ಜೀವಗಳ ಲೆಕ್ಕ ಇಟ್ಟರೆ ಊರಿನ ಆರೋಗ್ಯವೂ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.