ಕೊಂಡಕುಂದೆಯ ಯೋಗಿವರ್ಯ ಆಚಾರ್ಯ ಕುಂದಕುಂದರು

ಮಂಗಲಾಚರಣೆಯ ವೇಳೆ ಭಗವಾನ್ ಮಹಾವೀರ ಸ್ವಾಮಿ ಹಾಗೂ ಗೌತಮ ಗಣಧರರ ಅನಂತರ ದಿಗಂಬರ ಶ್ರಾವಕರು ಭಕ್ತಿಯಿಂದ ಸ್ಮರಿಸುವ ನಾಮ ಪ್ರಾತಃಸ್ಮರಣೀಯ ಆಚಾರ್ಯ ಕುಂದಕುಂದರದು. ಆ ನಾಮವು ನಮ್ಮ ನೆಲದ ಒಂದು ಊರಿನಿಂದಲೇ ಬಂದುದೆಂಬುದು ಈ ಸೀಮೆಯ ಪುಣ್ಯವಿಶೇಷ. ರಾಯದುರ್ಗಕ್ಕೆ ಈಶಾನ್ಯದಲ್ಲಿ, ಗುಂತಕಲ್ಲು–ಉರವಕೊಂಡ ಮಾರ್ಗದಲ್ಲಿರುವ ಕೋನಕೊಂಡ್ಲವೇ ಪ್ರಾಚೀನ ಕೊಂಡಕುಂದೆ. ಶಾಸನತಜ್ಞ ಪಿ.ಬಿ. ದೇಸಾಯಿಯವರು 1957ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅಲ್ಲಿಯ ಕನ್ನಡ ಶಾಸನಗಳನ್ನೂ ರಸಸಿದ್ಧರ ಗುಡ್ಡದ ಜಿನಬಿಂಬಗಳನ್ನೂ ಪರಿಶೀಲಿಸಿ ಈ ನಿರ್ಣಯಕ್ಕೆ ಬಂದರು.

ಆಚಾರ್ಯರ ದೀಕ್ಷಾನಾಮ ಪದ್ಮನಂದಿ. ಅವರ ಪೂರ್ವಜನ್ಮದ ಕಥೆಯೊಂದು ಪರಂಪರೆಯಲ್ಲಿ ಬಂದಿದೆ. ವರ್ತಕನೊಬ್ಬನ ಮನೆಯಲ್ಲಿ ದನ ಕಾಯುತ್ತಿದ್ದ ಹುಡುಗನೊಬ್ಬ ಕಾಳ್ಗಿಚ್ಚಿನಲ್ಲಿ ಕಾಡೆಲ್ಲ ಉರಿದುಹೋಗಿದ್ದರೂ ನಡುವಣ ಕೆಲವು ಮರಗಳು ಮಾತ್ರ ಹಸುರಾಗಿ ನಿಂತಿರುವುದನ್ನು ಕಂಡನು. ಅಲ್ಲಿ ಮುನಿಯೊಬ್ಬರ ವಾಸಸ್ಥಾನವೂ ಆಗಮಗ್ರಂಥಗಳ ಪೆಟ್ಟಿಗೆಯೂ ಇದ್ದವು. ಓದಲರಿಯದ ಆ ಬಾಲಕ ಗ್ರಂಥಗಳನ್ನು ಮನೆಗೆ ತಂದು ಪೂಜಿಸಿ, ಮುಂದೆ ಆಹಾರಕ್ಕಾಗಿ ಬಂದ ಮುನಿಗಳಿಗೆ ಅರ್ಪಿಸಿದನು. ಆ ಶಾಸ್ತ್ರದಾನದ ಫಲವಾಗಿ ಅದೇ ವರ್ತಕನ ಮಗನಾಗಿ ಜನಿಸಿ ಕುಂದಕುಂದನಾದನು. ಇದನ್ನು ಇತಿಹಾಸವೆಂದು ಹೇಳುವಂತಿಲ್ಲ. ಆದರೂ ಜ್ಞಾನಕ್ಕೆ ಕುಲವಾಗಲಿ ಸಿರಿಯಾಗಲಿ ಅಡ್ಡಿಯಲ್ಲವೆಂದು ನಂಬಿದ ಜನರೇ ಇಂತಹ ಕಥೆಯನ್ನು ಉಳಿಸಿಕೊಂಡು ಬಂದಾರು.

ಪಟ್ಟಾವಳಿಯ ಪ್ರಕಾರ 11ನೆಯ ವಯಸ್ಸಿನಲ್ಲಿ ಮನೆ ತೊರೆದ ಅವರು 33 ವರ್ಷ ಸಾಮಾನ್ಯ ಮುನಿಯಾಗಿದ್ದು, 44ನೆಯ ವಯಸ್ಸಿನಲ್ಲಿ ಆಚಾರ್ಯ ಪದವಿಗೇರಿದರು. ಪದವಿಗಿಂತ ಮೊದಲಿನ ಆ 33 ವರ್ಷಗಳ ವಿಷಯವಾಗಿ ಕಥೆಗಳು ಹೆಚ್ಚೇನೂ ಹೇಳುವುದಿಲ್ಲ. ಎಡೆಬಿಡದ ಅಧ್ಯಯನದಿಂದ ಕೊರಳು ಬಾಗಿ ವಕ್ರಗ್ರೀವರೆನಿಸಿದರೆಂಬ ಪ್ರತೀತಿ ಮಾತ್ರ ಉಂಟು. ಆ ಹೆಸರು ಅವರದೇ ಎಂಬುದನ್ನು ಸದಲಗೆಯ ವಿದ್ವಾಂಸ ಡಾ. ಆ.ನೇ. ಉಪಾಧ್ಯೆಯವರು ಒಪ್ಪಲಿಲ್ಲ. ಆಚಾರ್ಯರ ಕಾಲ ಕ್ರಿಸ್ತಶಕದ ಆರಂಭವೆಂದು ಅವರು 1935ರ ಪ್ರವಚನಸಾರದ ಆವೃತ್ತಿಯಲ್ಲಿ ಪ್ರತಿಪಾದಿಸಿದರು. ಇನ್ನೂ ಈಚಿನ ಕಾಲವನ್ನು ಹೇಳುವ ವಿದ್ವಾಂಸರೂ ಇದ್ದಾರೆ.

ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯ, ನಿಯಮಸಾರ ಇವು ಆಚಾರ್ಯರು ಪ್ರಾಕೃತ ಗಾಥೆಗಳಲ್ಲಿ ರಚಿಸಿದ ಮುಖ್ಯ ಕೃತಿಗಳು. ಸಮಯಸಾರದಲ್ಲಿ ಅವರು ಕೊಡುವ ದೃಷ್ಟಾಂತಗಳು ನಮ್ಮ ಹಳ್ಳಿಗಾಡಿನವು. ಮೈಗೆ ಎಣ್ಣೆ ಹಚ್ಚಿಕೊಂಡವನು ಧೂಳಿನ ನೆಲದಲ್ಲಿ ಕಸರತ್ತು ಮಾಡಿದರೆ ಮೈತುಂಬ ಧೂಳು ಮೆತ್ತುತ್ತದೆ. ಅವನೇ ಎಣ್ಣೆ ತೊಳೆದುಕೊಂಡು ಅದೇ ನೆಲದಲ್ಲಿ ಅಷ್ಟೇ ಶ್ರಮಿಸಿದರೆ ಮೆತ್ತುವುದಿಲ್ಲ. ಧೂಳಿಗೆ ಕಾರಣ ನೆಲವಲ್ಲ, ಶ್ರಮವಲ್ಲ, ಎಣ್ಣೆ. ಆತ್ಮಕ್ಕೆ ಆ ಎಣ್ಣೆಯೇ ರಾಗ. ಕಷ್ಟಗಳು ಎದುರಾದಾಗ ಲೋಕವನ್ನು ದೂರದೆ ತನ್ನನ್ನು ತಿದ್ದಿಕೊಳ್ಳುವ ಮಾರ್ಗವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಠಿಣ. ಬೆಂಕಿಯಲ್ಲಿ ಕಾಯಿಸಿದರೂ ಚಿನ್ನ ತನ್ನ ಚಿನ್ನತನವನ್ನು ಬಿಡದಂತೆ, ಕರ್ಮೋದಯದ ತಾಪದಲ್ಲಿಯೂ ಜ್ಞಾನಿ ತನ್ನ ಸ್ವಭಾವವನ್ನು ಬಿಡನೆಂಬುದೂ ಅಲ್ಲಿಯೇ ಬರುತ್ತದೆ.

ಶ್ರವಣಬೆಳಗೊಳದ ಶಾಸನಕವಿಗಳು ಆಚಾರ್ಯರಿಗೆ ಚಾರಣಋದ್ಧಿಯಿತ್ತೆಂದೂ ಅವರು ನೆಲಕ್ಕೆ ನಾಲ್ಕು ಅಂಗುಲ ಮೇಲೆ ನಡೆಯುತ್ತಿದ್ದರೆಂದೂ ವರ್ಣಿಸಿದ್ದಾರೆ. ಒಳಗಿನ ಮತ್ತು ಹೊರಗಿನ ಧೂಳು ತಮ್ಮನ್ನು ಸೋಂಕಿಲ್ಲವೆಂದು ತೋರಲೆಂದೇ ಹಾಗೆ ನಡೆದರೆಂದು ಒಂದು ಶಾಸನ ಅರ್ಥೈಸುತ್ತದೆ. ಸಮಯಸಾರವನ್ನು ಓದಿದವರಿಗೆ ಆ ಧೂಳು ಯಾವುದೆಂದು ಬೇರೆ ಹೇಳಬೇಕಿಲ್ಲ.

ಮುಂದೆ ಅಧ್ಯಾತ್ಮಿ ಬಾಲಚಂದ್ರರು ಆಚಾರ್ಯರ ಕೃತಿಗಳಿಗೆ ಕನ್ನಡದಲ್ಲಿ ವ್ಯಾಖ್ಯಾನ ಬರೆದರು. ಆಚಾರ್ಯರ ಹೆಸರಿನ ಅನ್ವಯ ನಮ್ಮ ಸೀಮೆಯ ಉದ್ದಗಲಕ್ಕೂ ಹಬ್ಬಿತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಭಾಗದ ಅಮರಾಪುರದಲ್ಲಿ 1278ರ ಶಾಸನವಿದೆ. ಕೊಂಡಕುಂದಾನ್ವಯದ ಬಾಲೇಂದು ಮಲಧಾರಿದೇವರ ಶಿಷ್ಯ ಮಲ್ಲಿಸೆಟ್ಟಿ ತೈಲಂಗೆರೆಯ ಬ್ರಹ್ಮಜಿನಾಲಯದ ಪಾರ್ಶ್ವನಾಥ ಸ್ವಾಮಿಗೆ 2000 ಅಡಕೆ ಮರಗಳನ್ನು ದಾನವಿತ್ತುದನ್ನು ಅದು ತಿಳಿಸುತ್ತದೆ. ರಾಯದುರ್ಗದಲ್ಲಿ 1355ರಲ್ಲಿ, ವಿಜಯನಗರದ ಮೊದಲನೆಯ ಹರಿಹರನ ಆಳ್ವಿಕೆಯಲ್ಲಿ, ಭೋಗರಾಜನೆಂಬ ವರ್ತಕ ಶಾಂತಿನಾಥ ಜಿನಬಿಂಬವನ್ನು ಪ್ರತಿಷ್ಠಾಪಿಸಿದನು. ಅವನ ಗುರು ಮಾಘನಂದಿ ವ್ರತಿಗಳು, ಅವರ ಗುರು ಅಮರಕೀರ್ತಿಗಳು; ಅವರ ಅನ್ವಯವೂ ಕೊಂಡಕುಂದಾನ್ವಯವೇ.